ಪ್ರಾರ್ಥನೆಯಲ್ಲಿ ಯಾರ ಹೆಸರು?

ಪೂರಿಗಾಲಿ, ಬೆಳಕವಾಡಿ, ಬೊಪ್ಪೇಗೌಡನಪುರದ ಕೇರಿಗಳಿಂದ ಹೊರಟು ಮಳವಳ್ಳಿ, ಮದ್ದೂರು, ಮಂಡ್ಯದ ಹಾಸ್ಟೆಲುಗಳಲ್ಲಿ ಉಳಿದು ಓದುತ್ತಿರುವ ನಮ್ಮ ಹುಡುಗ ಹುಡುಗಿಯರ ಕಿವಿಗೆ ಈಗ ಎರಡು ಕತೆ ಬೀಳುತ್ತಿವೆ. ಒಂದು ಕತೆ ಹೇಳುವವರು, 'ಸಾಬರ ರಾಜ್ಯ ಅಂದ್ರೆ ಕತ್ತಿಯ ರಾಜ್ಯ, ಅಲ್ಲಿ ಧರ್ಮವೇ ಸರ್ಕಾರ, ಸರ್ಕಾರವೇ ಧರ್ಮ' ಅಂತಾರೆ. ಇನ್ನೊಂದು ಕತೆ ಹೇಳುವವರು, 'ಅಲ್ಲಿ ಮೇಲುಕೀಳೇ ಇರಲಿಲ್ಲ, ದೊರೆಗಳೆಲ್ಲ ಸಂತರಂಗೆ ಇದ್ರು' ಅಂತಾರೆ. ಎರಡು ಕತೆಗೂ ಕೊನೆಯಲ್ಲಿ ಬೇಕಾಗಿರುವುದು ನಮ್ಮ ಹುಡುಗರ ಕೈ. ಬಾವುಟ ಕಟ್ಟುವುದಕ್ಕೆ ಕೈ, ಘೋಷಣೆ ಕೂಗುವಾಗ ಮೇಲೆತ್ತುವುದಕ್ಕೆ ಕೈ, ಕಲ್ಲು ಎಸೆಯುವುದಕ್ಕೂ ಕೈ.

2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ, 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ, ಗಣೇಶನ ಮೆರವಣಿಗೆಯ ಹೊತ್ತಿನಲ್ಲಿ ಗಲಭೆಯಾಯಿತು. ಎರಡೂ ನಮ್ಮ ಜಿಲ್ಲೆಯೇ. ಇಂಥ ಗಲಭೆ ಮುಗಿದ ಮೇಲೆ ಭಾಷಣ ಮಾಡಿದವರು ಕಾರು ಹತ್ತಿ ಹೋಗುತ್ತಾರೆ. ಠಾಣೆ, ಕೋರ್ಟು, ಜಾಮೀನು ಅಂತ ಅಲೆಯುವುದು ಬಡವರ ಮಕ್ಕಳು. ಒಂದು ಕೇಸು ಬಿದ್ದರೆ ಸರ್ಕಾರಿ ಕೆಲಸದ ಆಸೆ ಹೋಯಿತು. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಈ ಎರಡು ಕತೆಗಳನ್ನೂ ಪಕ್ಕಕ್ಕಿಟ್ಟು, ಮುಸ್ಲಿಂ ಸಮಾಜಗಳ ಚರಿತ್ರೆಯಲ್ಲಿ ಸಿಂಹಾಸನಕ್ಕೂ ಮಸೀದಿಗೂ ನಿಜವಾಗಿ ಎಂಥ ಸಂಬಂಧವಿತ್ತು ಎಂಬುದನ್ನು ನೋಡಲು ಹೊರಟಿದ್ದೇವೆ. ದೂರದ ಬಾಗ್ದಾದಿನಿಂದ ಶುರುಮಾಡಿ ನಮ್ಮ ಮಳವಳ್ಳಿಗೇ ಬರುತ್ತೇವೆ.

ನೋಡುವುದಕ್ಕೆ ಒಂದು ಸಣ್ಣ ಕಿಂಡಿ ಇದೆ. ಶುಕ್ರವಾರದ ನಮಾಜಿಗೆ ಮುಂಚೆ ಮಸೀದಿಯಲ್ಲಿ ಒಂದು ಪ್ರವಚನ ಓದುತ್ತಾರೆ. ಅದಕ್ಕೆ ಖುತ್ಬಾ ಅಂತ ಹೆಸರು. ಹಿಂದಿನ ಕಾಲದಲ್ಲಿ ಆ ಖುತ್ಬಾದಲ್ಲಿ ಆಳುವ ದೊರೆಯ ಹೆಸರು ಹೇಳಿ ಅವನಿಗಾಗಿ ಬೇಡಿಕೊಳ್ಳುತ್ತಿದ್ದರು. ಖುತ್ಬಾದಲ್ಲಿ ಯಾರ ಹೆಸರು, ನಾಣ್ಯದ ಮೇಲೆ ಯಾರ ಹೆಸರು, ಅವನೇ ದೊರೆ. ರಾಜ್ಯ ಕೈ ಬದಲಾದ ಸುದ್ದಿ ಜನಕ್ಕೆ ಗೊತ್ತಾಗುತ್ತಿದ್ದದ್ದು ಹೀಗೆ. ಈ ಒಂದು ಹೆಸರಿಗಾಗಿ ಎಷ್ಟು ರಕ್ತ ಹರಿಯಿತು, ಎಷ್ಟು ಸುಳ್ಳು ಹುಟ್ಟಿತು, ಎಷ್ಟು ಜನ ಹೇಳಲಾರೆ ಅಂತ ಜೈಲಿಗೆ ಹೋದರು ಎಂಬುದನ್ನು ನೋಡಿದರೆ ಸಾಕು, ಚರಿತ್ರೆಯ ಅರ್ಧ ತಿಳಿಯುತ್ತದೆ.

ಪ್ರವಾದಿ ಮಹಮ್ಮದರು ಮದೀನಾಕ್ಕೆ ಹೋದದ್ದು 622ರಲ್ಲಿ. ಅಲ್ಲಿ ಅವರು ಧರ್ಮ ಹೇಳುವವರೂ ಆಗಿದ್ದರು, ಜಗಳ ತೀರಿಸುವ ಯಜಮಾನರೂ ಆಗಿದ್ದರು, ಯುದ್ಧದಲ್ಲಿ ಮುಂದಾಳೂ ಆಗಿದ್ದರು. ಅವರ ಸುತ್ತ ಸೇರಿದವರಲ್ಲಿ ಬಡವರಿದ್ದರು, ಗುಲಾಮರಿದ್ದರು. ಮೊದಲ ಬಾಂಗು ಕೂಗಿದ ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಕಪ್ಪು ಮನುಷ್ಯ. ಇದು ಸಣ್ಣ ಮಾತಲ್ಲ. ಗುಡಿಯ ಗಂಟೆಯನ್ನು ದೂರದಿಂದಲೇ ಕೇಳಿಸಿಕೊಂಡು ಬಂದ ನಮ್ಮ ಜನಕ್ಕೆ ಇದರ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ 632ರಲ್ಲಿ ಪ್ರವಾದಿಯವರು ತೀರಿಕೊಂಡ ಕೂಡಲೇ, ಮುಂದೆ ಯಾರು ಎಂಬ ಪ್ರಶ್ನೆ ಎದ್ದಿತು. ಅಬೂಬಕರ್, ಉಮರ್, ಉಸ್ಮಾನ್, ಅಲಿ ಹೀಗೆ ನಾಲ್ವರು ಖಲೀಫರಾದರು. ಅವರಲ್ಲಿ ಮೂವರು ಕೊಲೆಯಾದರು. 661ರಲ್ಲಿ ಮುಆವಿಯಾ ಅಧಿಕಾರ ಹಿಡಿದ. ಡಮಾಸ್ಕಸ್ಸಿನಲ್ಲಿ ಕೂತು ಮಗ ಯಜೀದನಿಗೆ ಪಟ್ಟ ಕಟ್ಟುವ ಏರ್ಪಾಡು ಮಾಡಿದ. ಸಮುದಾಯ ಒಪ್ಪಿ ಆರಿಸಬೇಕಾದ ಜಾಗ ಅಪ್ಪನಿಂದ ಮಗನಿಗೆ ಇಳಿಯುವ ಆಸ್ತಿಯಾಯಿತು. ಯಜೀದನಿಗೆ ಕೈಮುಗಿಯಲಾರೆ ಅಂದ ಪ್ರವಾದಿಯವರ ಮೊಮ್ಮಗ ಹುಸೇನರನ್ನು 680ರಲ್ಲಿ ಕರ್ಬಲಾ ಬಯಲಿನಲ್ಲಿ ನೀರು ಕೊಡದೆ ಕೊಂದರು. ಕೊಂದವರೂ ನಮಾಜು ಮಾಡುವವರೇ.

ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಮಾಡುವುದನ್ನು ನೀವು ನೋಡಿದ್ದೀರಿ. ಪಂಜಾ ಹೊರುತ್ತಾರೆ, ಹುಲಿವೇಷ ಹಾಕುತ್ತಾರೆ, ಕೆಂಡ ಹಾಯುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಇದು ನಡೆಯುತ್ತದೆ. ಹಾಯುವವರಲ್ಲಿ ನಮ್ಮವರೇ ಎಷ್ಟೋ ಜನ. ಅದು ಗೆದ್ದ ದೊರೆಯ ಹಬ್ಬವಲ್ಲ, ದೊರೆಗೆ ತಲೆಬಾಗದೆ ಸತ್ತವನ ನೆನಪು. ಗೆದ್ದ ಯಜೀದನಿಗೆ ಯಾವ ಹಳ್ಳಿಯಲ್ಲೂ ಹಬ್ಬ ಇಲ್ಲ. ಜನ ತಮಗೆ ಬೇಕಾದದ್ದನ್ನು ಹುಡುಕಿ ಇಟ್ಟುಕೊಂಡಿದ್ದಾರೆ, ಅರಮನೆಯವರನ್ನು ಕೇಳದೆ.

ಮುಂದಿನ ಕತೆಯನ್ನು ಬೇಗ ಹೇಳುತ್ತೇವೆ. 750ರಲ್ಲಿ ಅಬ್ಬಾಸಿಗಳು ಬಂದರು. ಅವರ ಕಾಲದಲ್ಲಿ ಧರ್ಮಶಾಸ್ತ್ರ ತಿಳಿದ ಪಂಡಿತರ ಒಂದು ವರ್ಗ ಬೆಳೆಯಿತು. ಅವರನ್ನು ಉಲೇಮಾ ಅನ್ನುತ್ತಾರೆ. ದೊರೆಯ ಕೈಯಲ್ಲಿ ಕತ್ತಿ, ಇವರ ಕೈಯಲ್ಲಿ ಗ್ರಂಥ. ಇಬ್ಬರೂ ಯಾವಾಗಲೂ ಒಂದೇ ಆಗಿದ್ದರು ಅಂತ ಹೇಳುವವರು ಅಬೂ ಹನೀಫರ ಕತೆ ಕೇಳಬೇಕು. ಇವತ್ತು ನಮ್ಮ ನಾಡಿನ ಹೆಚ್ಚಿನ ಮುಸ್ಲಿಮರು ಅನುಸರಿಸುವ ಶಾಸ್ತ್ರ ಪದ್ಧತಿ ಅವರ ಹೆಸರಿನದು. ಖಲೀಫ ಖಾಜಿ ಹುದ್ದೆ ಕೊಡುತ್ತೇನೆ ಬಾ ಅಂದಾಗ ಅವರು ಒಲ್ಲೆ ಅಂದರು. ಅದಕ್ಕೆ ಸೆರೆಮನೆಗೆ ಹಾಕಿಸಿದರು ಅಂತ ಅವರ ಚರಿತ್ರೆ ಬರೆದವರು ಹೇಳುತ್ತಾರೆ. 767ರಲ್ಲಿ ಅವರು ತೀರಿಕೊಂಡರು. 833ರಲ್ಲಿ ಖಲೀಫ ಮಾಮೂನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕುರಾನಿನ ಬಗ್ಗೆ ತಾನು ಹೇಳುವ ಸಿದ್ಧಾಂತವನ್ನೇ ಎಲ್ಲಾ ಪಂಡಿತರೂ ಒಪ್ಪಬೇಕು ಅಂತ ವಿಚಾರಣೆ ಶುರುಮಾಡಿದ. ಒಪ್ಪದ ಅಹ್ಮದ್ ಇಬ್ನ್ ಹಂಬಲರನ್ನು ಸಂಕೋಲೆ ಹಾಕಿ ಎಳೆದರು, ಮುಂದಿನ ಖಲೀಫನ ಕಾಲದಲ್ಲಿ ಛಡಿ ಏಟು ಹೊಡೆದರು. ಅವರು ಜಗ್ಗಲಿಲ್ಲ. ಎರಡು ದಶಕ ತುಂಬುವುದರೊಳಗೆ ಅರಮನೆಯೇ ಸೋತು ವಿಚಾರಣೆ ನಿಲ್ಲಿಸಿತು.

ಹಂಗಾದ್ರೆ ಉಲೇಮಾ ಜನರ ಪರವಾಗಿದ್ದರೇ? ಇಲ್ಲಿಯೂ ಎಚ್ಚರ ಬೇಕು. ಅದೇ ಅಬ್ಬಾಸಿಗಳ ಕಾಲದಲ್ಲಿ ಬಸ್ರಾದ ಉಪ್ಪುನೆಲದಲ್ಲಿ ಆಫ್ರಿಕಾದಿಂದ ತಂದ ಗುಲಾಮರನ್ನು ದುಡಿಸುತ್ತಿದ್ದರು. ಜಂಜ್ ಎಂದು ಕರೆಯಲಾಗುತ್ತಿದ್ದ ಆ ಜನ 869ರಲ್ಲಿ ದಂಗೆ ಎದ್ದರು. 14 ವರ್ಷ ಸಾಮ್ರಾಜ್ಯವನ್ನು ನಡುಗಿಸಿದರು. 883ರಲ್ಲಿ ಅವರನ್ನು ತುಳಿದುಹಾಕಲಾಯಿತು. ಬಿಲಾಲರ ಬಾಂಗಿನಿಂದ ಶುರುವಾದ ಚರಿತ್ರೆ ಇನ್ನೂರೈವತ್ತು ವರ್ಷದೊಳಗೆ ಬಿಲಾಲರ ಬಣ್ಣದವರ ಮೇಲೆಯೇ ಕತ್ತಿ ಎತ್ತಿತು. ಗ್ರಂಥದಲ್ಲಿ ಸಮಾನತೆ ಇದ್ದರೆ ಸಾಕು, ಗದ್ದೆಯಲ್ಲಿ ತಾನಾಗಿ ಬರುತ್ತದೆ ಅಂತ ನಂಬಿದವರಿಗೆ ಇದು ಪಾಠ.

945ರ ಹೊತ್ತಿಗೆ ಖಲೀಫನೇ ಸೇನಾಪತಿಗಳ ಕೈಗೊಂಬೆಯಾದ. ನಿಜವಾದ ಅಧಿಕಾರ ಅಮೀರರ, ಸುಲ್ತಾನರ ಕೈಗೆ ಹೋಯಿತು. ಖಲೀಫನ ಹತ್ತಿರ ಉಳಿದದ್ದು ಒಂದು ಮುದ್ರೆ, ಒಂದು ನಿಲುವಂಗಿ. ಗೆದ್ದವನಿಗೆ ಅದನ್ನು ಕಳಿಸಿಕೊಡುವುದೇ ಅವನ ಕೆಲಸ. ದೆಹಲಿಯ ಇಲ್ತುತ್‌ಮಿಷನಿಗೆ 1229ರಲ್ಲಿ ಬಾಗ್ದಾದಿನಿಂದ ಅಂಥ ನಿಲುವಂಗಿ ಬಂತು. 1258ರಲ್ಲಿ ಮಂಗೋಲರು ಬಾಗ್ದಾದಿಗೆ ನುಗ್ಗಿ ಖಲೀಫನನ್ನು ಕೊಂದರು. ಆದರೂ ದೆಹಲಿಯ ಸುಲ್ತಾನರು ದಶಕಗಳ ಕಾಲ ಆ ಸತ್ತ ಖಲೀಫನ ಹೆಸರನ್ನೇ ನಾಣ್ಯದ ಮೇಲೆ ಅಚ್ಚು ಹಾಕಿಸುತ್ತಿದ್ದರು! ಸತ್ತವನಾದರೂ ಸರಿ, ಹೆಸರು ಬೇಕು. ಯಾಕಂದ್ರೆ ಕತ್ತಿಯಿಂದ ಗೆದ್ದ ರಾಜ್ಯವನ್ನು ಕತ್ತಿಯಿಂದಲೇ ದಿನಾ ಆಳುವುದಕ್ಕಾಗುವುದಿಲ್ಲ. ಜನ ಮನಸ್ಸಿನಲ್ಲಿ 'ಇವನೇ ನಮ್ಮ ದೊರೆ' ಅಂತ ಒಪ್ಪಬೇಕು. ಆ ಒಪ್ಪಿಗೆಯನ್ನು ಮಾರುವ ಅಂಗಡಿ ಎಲ್ಲ ಧರ್ಮದಲ್ಲೂ ಇದೆ. ಮಂತ್ರ ಹೇಳಿ ಪಟ್ಟಾಭಿಷೇಕ ಮಾಡಿಸಿದ ಪುರೋಹಿತ ಮಾಡಿದ್ದೂ ಇದೇ ವ್ಯಾಪಾರ.

ಆ ದೆಹಲಿಯಲ್ಲೇ, 14ನೆಯ ಶತಮಾನದಲ್ಲಿ, ಜಿಯಾವುದ್ದೀನ್ ಬರಾನಿ ಎಂಬ ಆಸ್ಥಾನ ಪಂಡಿತನಿದ್ದ. ದೊರೆಗಳಿಗೆ ಬುದ್ಧಿ ಹೇಳುವ ಪುಸ್ತಕದಲ್ಲಿ ಅವನು ಏನು ಬರೆದ ಗೊತ್ತೆ? ಕೀಳು ಕುಲದವರಿಗೆ ಓದು ಬರಹ ಕಲಿಸಬಾರದು, ನಮಾಜು ಉಪವಾಸದ ನಿಯಮ ಬಿಟ್ಟು ಬೇರೇನೂ ಹೇಳಿಕೊಡಬಾರದು, ಕಲಿತರೆ ಮೇಲಿನವರ ಹುದ್ದೆಗೆ ಬರುತ್ತಾರೆ. ಈ ಮಾತು ಎಲ್ಲೋ ಕೇಳಿದಂಗೆ ಇದೆಯಲ್ವೇ? ಮನು ಬೇರೆ ಭಾಷೆಯಲ್ಲಿ ಮಾತಾಡಿದಂಗೆ ಇದೆ. ಹಾಸ್ಟೆಲಿನ ಒಂದು ಮಂಚ, ಒಂದು ಟ್ರಂಕು, ಸೋರುವ ಸೂರಿನ ಕೆಳಗೆ ಕೂತು ಅಕ್ಷರ ಕಲಿಯುತ್ತಿರುವ ನಾವು, ಅಕ್ಷರಕ್ಕೆ ಹೆದರುವ ಈ ಜನರನ್ನು ಅವರ ಗಡ್ಡ, ಜನಿವಾರ ನೋಡದೆ ಗುರುತು ಹಿಡಿಯಬೇಕು.

ನಮ್ಮ ಕನ್ನಡ ನೆಲಕ್ಕೆ ಬರೋಣ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಗುಲ್ಬರ್ಗ ಅದರ ರಾಜಧಾನಿಯಾಯಿತು. 1398ರಲ್ಲಿ ತೈಮೂರ ದೆಹಲಿಯನ್ನು ಹಾಳುಮಾಡಿದ ಕಾಲದಲ್ಲಿ ಸೂಫಿ ಗುರು ಗೇಸುದರಾಜರು ದಕ್ಷಿಣಕ್ಕೆ ಬಂದರು. ಇವತ್ತು ಬಂದೇನವಾಜ್ ಅಂತ ಜನ ಕರೆಯುವವರು ಅವರೇ. ಸುಲ್ತಾನ ಫಿರೋಜ್ ಶಾಹ ಮೊದಲು ಅವರನ್ನು ಗೌರವದಿಂದ ಬರಮಾಡಿಕೊಂಡ. ಆಮೇಲೆ ಇಬ್ಬರಿಗೂ ಆಗಿಬರಲಿಲ್ಲ. ಗುರುಗಳ ಆಶೀರ್ವಾದ ಸುಲ್ತಾನನ ತಮ್ಮ ಅಹ್ಮದನ ಕಡೆ ತಿರುಗಿತು. 1422ರಲ್ಲಿ ಫಿರೋಜ್ ಇಳಿದ, ಅಹ್ಮದ್ ಏರಿದ, ಗುರುಗಳೂ ಅದೇ ವರ್ಷ ತೀರಿಕೊಂಡರು. ಏರಿದ ಅಹ್ಮದ್ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಇರಾನಿನ ಶಾಹ ನಿಮತುಲ್ಲಾ ಎಂಬ ಇನ್ನೊಬ್ಬ ಗುರುವಿನ ಮನೆತನವನ್ನು ಕರೆಸಿಕೊಂಡ. ಒಂದು ಮಠ ಬಲವಾದರೆ ಇನ್ನೊಂದನ್ನು ಸಾಕುವುದು ದೊರೆಗಳ ಹಳೇ ಜಾಣತನ. ಇವತ್ತು ಚುನಾವಣೆ ಬಂದಾಗ ಯಾವ ಮಠಕ್ಕೆ ಯಾವ ನಾಯಕ ಎಷ್ಟು ಬಾರಿ ಹೋಗುತ್ತಾನೆ ಎಂಬುದನ್ನು ಲೆಕ್ಕ ಹಾಕುವವರಿಗೆ ಇದು ಹೊಸದೇನಲ್ಲ.

ಆದರೆ ಜನ ಇಲ್ಲೂ ತಮ್ಮ ದಾರಿ ತಾವು ಹಿಡಿದರು. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಅದೇ ಅಹ್ಮದ್ ಶಾಹನ ಗೋರಿ ಇದೆ. ಅಲ್ಲಿನ ಉರುಸಿಗೆ ಲಿಂಗಾಯತರೂ ಬರುತ್ತಾರೆ, ಅವನನ್ನು ಅಲ್ಲಮಪ್ರಭುವಿನ ಅವತಾರ ಅಂತ ನಂಬುತ್ತಾರೆ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದ. ಹಾಡುಗಳ ಪುಸ್ತಕ ಬರೆದು ಸರಸ್ವತಿಯನ್ನು ನೆನೆದ. ಅಲ್ಲಿನ ಸೂಫಿಗಳಲ್ಲಿ ಕೆಲವರು ಅರಮನೆಯ ನೆರಳೂ ಬೇಡವೆಂದು ಬದುಕಿದರು, ಕೆಲವರ ವಂಶದವರು ಇನಾಮು ಜಮೀನು ಪಡೆದು ಜಹಗೀರದಾರರ ಹಾಗಾದರು. ಆದರೆ ಬೀಸುವ ಕಲ್ಲಿನ ಮುಂದೆ ಕೂತ ಬಡ ಹೆಂಗಸರು ದಖ್ಖನಿ ಭಾಷೆಯಲ್ಲಿ 'ಚಕ್ಕಿನಾಮಾ' ಹಾಡಿದರು. ಧರ್ಮ ಅವರಿಗೆ ಬಂದದ್ದು ಸುಲ್ತಾನನ ಕತ್ತಿಯಿಂದಲೂ ಅಲ್ಲ, ಖಾಜಿಯ ತೀರ್ಪಿನಿಂದಲೂ ಅಲ್ಲ, ಹಿಟ್ಟಿನ ಜೊತೆ ಬಂತು.

ಇನ್ನು ನಮ್ಮ ಮನೆಬಾಗಿಲಿನ ಕತೆ. ಶ್ರೀರಂಗಪಟ್ಟಣ.

ಹೈದರಾಲಿ 1761ರಲ್ಲಿ ಮೈಸೂರಿನ ಅಧಿಕಾರ ಹಿಡಿದ. ಆದರೆ ಒಡೆಯರನ್ನು ಸಿಂಹಾಸನದಿಂದ ಇಳಿಸಲಿಲ್ಲ, ದಸರಾದಲ್ಲಿ ಜನಕ್ಕೆ ತೋರಿಸುತ್ತಿದ್ದ. ಅವನ ಚಿನ್ನದ ವರಹದ ಮೇಲೆ ಒಂದು ಕಡೆ ಶಿವ ಪಾರ್ವತಿಯರು, ಇನ್ನೊಂದು ಕಡೆ ಅವನ ಹೆಸರಿನ ಮೊದಲ ಅಕ್ಷರ. ಯಾಕೆ? ಸಂತೆಯಲ್ಲಿ ಜನ ನಂಬಿ ತೆಗೆದುಕೊಳ್ಳುತ್ತಿದ್ದದ್ದು ಆ ವರಹವನ್ನು. ನಾಣ್ಯ ನಡೆಯಬೇಕು, ದೇವರು ಯಾರಾದರೇನು!

1782ರಲ್ಲಿ ಹೈದರ್ ಸತ್ತ, ಟಿಪ್ಪು ಬಂದ. ಮಳವಳ್ಳಿಯನ್ನು ಹೈದರ್ ಮಗನಿಗೆ ಜಹಗೀರಾಗಿ ಕೊಟ್ಟಿದ್ದ ಅಂತ 1800ರಲ್ಲಿ ಈ ಸೀಮೆ ಸುತ್ತಿದ ಬ್ಯೂಕನನ್ ಬರೆದಿದ್ದಾನೆ. ಟಿಪ್ಪುವಿಗೆ ಅಪ್ಪನ ಮರೆಯಾಟ ಸಾಕಾಗಲಿಲ್ಲ. ಸುತ್ತಮುತ್ತ ಮರಾಠರು, ಹೈದರಾಬಾದಿನ ನಿಜಾಮ, ಇಂಗ್ಲಿಷರು ಎಲ್ಲರೂ 'ನಿನ್ನಪ್ಪ ಸಿಪಾಯಿ, ನೀನ್ಯಾವ ದೊರೆ' ಎಂಬಂತೆ ನೋಡುತ್ತಿದ್ದರು. ವಂಶದ ಬಲ ಇಲ್ಲದವನು ಎಲ್ಲಿಂದ ಬಲ ತರಬೇಕು? ಟಿಪ್ಪು ಖುತ್ಬಾದಲ್ಲಿ ದೆಹಲಿಯ ಬಾದಶಹ ಶಾಹ ಆಲಂನ ಹೆಸರು ಬಿಡಿಸಿ ತನ್ನ ಹೆಸರು ಓದಿಸಿದ. ತನ್ನದು 'ಖುದಾದಾದ್ ಸರ್ಕಾರ', ಅಂದರೆ ದೇವರು ಕೊಟ್ಟ ಸರ್ಕಾರ, ಅಂದ. ನಾಣ್ಯಗಳಿಗೆ ಅಹ್ಮದಿ, ಸಿದ್ದೀಖಿ, ಫಾರೂಖಿ, ಹೈದರಿ ಅಂತ ಪ್ರವಾದಿಯವರ, ಖಲೀಫರ ಹೆಸರಿಟ್ಟ. 1786ರಲ್ಲಿ ತುರ್ಕಿಯ ಸುಲ್ತಾನನ ಹತ್ತಿರಕ್ಕೆ, ಅವನು ಖಲೀಫ ಅಂತ, ದೊಡ್ಡ ರಾಯಭಾರ ಕಳಿಸಿದ. ಹಡಗು ಹತ್ತಿದವರಲ್ಲಿ ಬಹಳ ಜನ ಕಾಯಿಲೆ ಕಷ್ಟಕ್ಕೆ ಸಿಕ್ಕಿ ವಾಪಸ್ಸು ಬರಲಿಲ್ಲ. ಬಂದದ್ದು ಖಲೀಫನ ಮನ್ನಣೆ, ಉಡುಗೊರೆ. ಕೇಳಿದ್ದ ಸೈನ್ಯದ ಸಹಾಯ ಬರಲಿಲ್ಲ.

ಅಷ್ಟು ದೂರದ ಮನ್ನಣೆ ಕಷ್ಟಕ್ಕೆ ಆಯಿತೇ? 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ. ತುರ್ಕಿಗೆ ಫ್ರೆಂಚರು ಶತ್ರುಗಳಾದರು, ಇಂಗ್ಲಿಷರು ಸ್ನೇಹಿತರಾದರು. ಆಗ ಅದೇ ಖಲೀಫ ಪೀಠದ ಮೂರನೆಯ ಸಲೀಮ, ಫ್ರೆಂಚರ ಸಹವಾಸ ಬಿಡು, ಇಂಗ್ಲಿಷರ ಮೇಲೆ ಹೋಗಬೇಡ ಅಂತ ಟಿಪ್ಪುವಿಗೆ ಕಾಗದ ಬರೆದ. ಆ ಕಾಗದವನ್ನು ತಲುಪಿಸಿದವರು ಯಾರು? ಇಂಗ್ಲಿಷರೇ. ಇಸ್ಲಾಮಿನ ಅತಿದೊಡ್ಡ ಪೀಠದ ಮಾತು ಕಂಪನಿ ಸರ್ಕಾರದ ಟಪಾಲಿನಲ್ಲಿ ಬಂತು. ಧರ್ಮಪೀಠಗಳ ಮಾತನ್ನು ದೇವರ ಮಾತು ಅಂತ ತಲೆ ಮೇಲೆ ಇಟ್ಟುಕೊಳ್ಳುವವರು ಈ ಕಾಗದವನ್ನು ನೆನಪಿಡಬೇಕು.

1799ರ ಮಾರ್ಚ್ 27. ನಮ್ಮ ಮಳವಳ್ಳಿಯ ಬಯಲು. ಜನರಲ್ ಹ್ಯಾರಿಸನ ಸೈನ್ಯ ಟಿಪ್ಪುವಿನ ಸೈನ್ಯವನ್ನು ಇಲ್ಲಿ ಹಿಮ್ಮೆಟ್ಟಿಸಿತು. ಇಂಗ್ಲಿಷರ ಪಕ್ಕದಲ್ಲಿ ನಿಂತು ಹೋರಾಡಿದವರು ಯಾರ ಸೈನ್ಯ? ಹೈದರಾಬಾದಿನ ಮುಸ್ಲಿಂ ನಿಜಾಮನ ಸೈನ್ಯ. ಟಿಪ್ಪುವಿನ ದಿವಾನಗಿರಿಯಲ್ಲಿ ದೊಡ್ಡ ಹೆಸರು ಯಾರದು? ಬ್ರಾಹ್ಮಣ ಪೂರ್ಣಯ್ಯನದು. ಟಿಪ್ಪು ಅರಕೆರೆ ಕಡೆ ದಾರಿ ಕಾದರೆ ಶತ್ರು ಸೈನ್ಯ ಸೋಸಲೆಯ ಹತ್ತಿರ ಕಾವೇರಿ ದಾಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಐದು ವರ್ಷದ ಒಡೆಯರ ಕೂಸನ್ನು ಇಂಗ್ಲಿಷರು ಸಿಂಹಾಸನದ ಮೇಲೆ ಕೂರಿಸಿದರು, ಪೂರ್ಣಯ್ಯನೇ ದಿವಾನನಾದ, 1807ರಲ್ಲಿ ಯಳಂದೂರು ಜಹಗೀರು ಪಡೆದ. ಹೈದರನ ಕಾಲ, ಟಿಪ್ಪುವಿನ ಕಾಲ, ಒಡೆಯರ ಕಾಲ, ದಫ್ತರ ಮಾತ್ರ ಅದೇ ಕೈಯಲ್ಲಿ. ಇದನ್ನು ಹಿಂದೂ ಮುಸ್ಲಿಂ ಯುದ್ಧ ಅಂತ ಹೇಳುವವನು ಒಂದೋ ಓದಿಲ್ಲ, ಇಲ್ಲ ಓದಿಯೂ ಸುಳ್ಳು ಹೇಳುತ್ತಾನೆ.

ಟಿಪ್ಪು ಮಾಡಿದ್ದೆಲ್ಲ ಸರಿ ಅಂತ ನಾವು ಹೇಳುವುದಿಲ್ಲ. ಕೊಡವರನ್ನು, 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಬಲವಂತದಿಂದ ಮತಾಂತರ ಮಾಡಿಸಿದ್ದು ನಡೆದ ಸಂಗತಿ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ತಮ್ಮವರನ್ನು ಟಿಪ್ಪು ಕೊಲ್ಲಿಸಿದ ಅಂತ ನೆನೆದು ಇವತ್ತಿಗೂ ನರಕ ಚತುರ್ದಶಿ ಮಾಡುವುದಿಲ್ಲ. ಆ ನೋವನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ಮೇಲುಕೋಟೆಯ ಗುಡಿಗೆ, ಶ್ರೀರಂಗಪಟ್ಟಣದ ರಂಗನಾಥನಿಗೆ ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳಿವೆ. 1791ರಲ್ಲಿ ಮರಾಠರ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ಹಣ ಕಾಣಿಕೆ ಕಳಿಸಿದವನು ಟಿಪ್ಪು. ತನ್ನ ಶತ್ರುಗಳ ನಾಶಕ್ಕೆ ಚಂಡೀಜಪ ಮಾಡಿಸಿ ಅಂತ ಸ್ವಾಮಿಗಳಿಗೆ ಕಾಗದ ಬರೆದ. ಆ ಕಾಗದಗಳನ್ನು 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಎದುರು ನಿಂತವರನ್ನು ಅವನು ಧರ್ಮದ ಹೆಸರಲ್ಲಿ ತುಳಿದ, ಜೊತೆಗೆ ನಿಂತವರ ದೇವರಿಗೆ ದೀಪ ಹಚ್ಚಿಸಿದ. ಎರಡು ಕಡೆಯೂ ಕೆಲಸ ಮಾಡಿದ್ದು ಸಿಂಹಾಸನದ ಲೆಕ್ಕವೇ.

ಕೆ.ಆರ್.ಎಸ್. ಅಣೆಕಟ್ಟು ಕಟ್ಟುವಾಗ ಟಿಪ್ಪುವಿನ ಒಂದು ಪರ್ಷಿಯನ್ ಶಾಸನ ಸಿಕ್ಕಿತು. ಕಾವೇರಿಗೆ ಅಣೆ ಕಟ್ಟುವ ಸಂಕಲ್ಪದ ಶಾಸನ ಅದು. ಶುರುವಾಗುವುದು ದೇವರ ಹೆಸರಿನಿಂದ, ಮುಗಿಯುವುದು ಕಂದಾಯದಲ್ಲಿ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಾಲುಭಾಗ ಕಂದಾಯ ಬಿಡುತ್ತೇವೆ ಅಂತ ಅದರಲ್ಲಿದೆ. ಒಳ್ಳೆಯ ಮಾತೇ. ಆದರೆ ನಾವು ಕೇಳುವುದು ಬೇರೆ. ಕಂದಾಯ ಮಾಫಿ ಆಗುವುದು ಜಮೀನು ಇದ್ದವನಿಗೆ. ಜಮೀನೇ ಇಲ್ಲದೆ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಾಕುವವಳಿಗೆ ಏನು ಮಾಫಿ? ಈ ಪ್ರಶ್ನೆಯನ್ನು ಸುಲ್ತಾನನಿಗೂ ಕೇಳಬೇಕು, ಮಹಾರಾಜರಿಗೂ ಕೇಳಬೇಕು, ಆಮೇಲೆ ಬಂದ ಸರ್ಕಾರಗಳಿಗೂ ಕೇಳಬೇಕು. ಟಿಪ್ಪು ನಮ್ಮವನೋ ಅವರವನೋ ಅಂತ ಕಿತ್ತಾಡುವವರು ಯಾರೂ ಈ ಪ್ರಶ್ನೆ ಎತ್ತುವುದಿಲ್ಲ.

ಎತ್ತುವುದರ ಬದಲು ಹೊಸ ಕತೆ ಕಟ್ಟುತ್ತಾರೆ. 2023ರ ಚುನಾವಣೆಗೆ ಮುಂಚೆ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರು ಅಂತ ಎಬ್ಬಿಸಿದರು. ಮಾರ್ಚಿಯಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಆ ಹೆಸರಿನ ಸ್ವಾಗತ ಕಮಾನೂ ಎದ್ದಿತು, ವಿರೋಧ ಬಂದ ಮೇಲೆ ಇಳಿಯಿತು. ಆಗ ಸಚಿವರಾಗಿದ್ದ ಮುನಿರತ್ನ ಸಿನಿಮಾ ಮಾಡುತ್ತೇನೆ ಅಂತ ಹೊರಟರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಇದಕ್ಕೆ ಆಧಾರವಿಲ್ಲ, ನಿಲ್ಲಿಸಿ ಅಂದ ಮೇಲೆ ಸಿನಿಮಾ ನಿಂತಿತು. ಸುಳ್ಳು ನಿಂತದ್ದು ಒಳ್ಳೆಯದೇ, ಸ್ವಾಮೀಜಿ ಹೇಳಿದ್ದೂ ಸರಿಯೇ. ಆದರೆ ಒಂದು ಮಾತು ಯೋಚನೆ ಮಾಡಿ. ಇತಿಹಾಸದ ಪ್ರೊಫೆಸರುಗಳು ಅದೇ ಮಾತು ಹೇಳಿದಾಗ ಕೇಳದ ಸಚಿವರು ಮಠದ ಮಾತು ಕೇಳಿದರು. ಇಲ್ಲಿಯೂ ಖುತ್ಬಾ ಯಾರದು ಎಂಬುದೇ ತೀರ್ಮಾನವಾಯಿತು.

ಈಗ ಹೊರಗಿನ ಲೋಕವನ್ನೊಮ್ಮೆ ನೋಡಿ. 1744ರಲ್ಲಿ ಅರೇಬಿಯಾದಲ್ಲಿ ಸೌದ್ ಮನೆತನದ ಮುಖಂಡ, ಅಬ್ದುಲ್ ವಹಾಬನ ಮಗನಾದ ಬೋಧಕ, ಇಬ್ಬರೂ ಕೈ ಜೋಡಿಸಿದರು. ಕತ್ತಿ ಒಬ್ಬನದು, ಬೋಧನೆ ಒಬ್ಬನದು. ತುರ್ಕಿಯಲ್ಲಿ 1924ರ ಮಾರ್ಚ್ 3ರಂದು ಖಲೀಫ ಪೀಠವನ್ನೇ ರದ್ದುಮಾಡಿದರು. ಇರಾನಿನಲ್ಲಿ 1979ರ ಕ್ರಾಂತಿಯ ಮೇಲೆ 'ಧರ್ಮಪಂಡಿತನೇ ರಾಜ್ಯದ ಮೇಲ್ವಿಚಾರಕ' ಅಂತ ಸಂವಿಧಾನ ಬರೆದರು. ಮೂರು ದೇಶ, ಮೂರು ಏರ್ಪಾಡು. 'ಇಸ್ಲಾಮಿನಲ್ಲಿ ಹೀಗೇ' ಅಂತ ಒಂದೇ ಮಾತಲ್ಲಿ ಮುಗಿಸುವುದಕ್ಕೆ ಆಗುವುದಿಲ್ಲ. ಅಲ್ಲೂ ಜಗಳ ಇದೆ, ಒಪ್ಪದವರಿದ್ದಾರೆ, ಜೈಲಿದೆ, ಹೆಂಗಸರ ಕೂಗಿದೆ.

ಹೆಂಗಸರ ಕೂಗು ಕನ್ನಡದಲ್ಲೇ ಇದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖಿಗೆ ಸಿಕ್ಕಿದ ಹೆಣ್ಣಿನ ಕತೆ ಹೇಳಿದರು. ಹಾಸನದ ಬಾನು ಮುಷ್ತಾಕ್ ಬಂಡಾಯದ ಸಾಲಿನವರು. ಹೆಂಗಸರೂ ಮಸೀದಿಗೆ ಹೋಗಬಹುದು ಅಂದದ್ದಕ್ಕೆ 2000ದಲ್ಲಿ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು, ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಕರೆಯಿತು. ಆಗ ಇನ್ನೊಂದು ಕಡೆಯವರು, ಮುಸ್ಲಿಂ ಹೆಂಗಸು ಚಾಮುಂಡಿಬೆಟ್ಟ ಹತ್ತಬಾರದು ಅಂತ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋದರು. ಎರಡು ಕೋರ್ಟೂ ತಳ್ಳಿಹಾಕಿದವು. ಅದೇ ಹೆಂಗಸಿಗೆ ಒಬ್ಬರು ಮಸೀದಿ ಬಾಗಿಲಲ್ಲಿ ನಿಲ್ಲು ಅಂದರು, ಇನ್ನೊಬ್ಬರು ಬೆಟ್ಟದ ಬುಡದಲ್ಲಿ ನಿಲ್ಲು ಅಂದರು. ಬಾಗಿಲು ಕಾಯುವವರ ಭಾಷೆ ಬೇರೆ, ಕೋಲು ಒಂದೇ.

ಬಾಗಿಲಲ್ಲಿ ನಿಲ್ಲಿಸುವ ಕತೆ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೊಪ್ಪೇಗೌಡನಪುರದಲ್ಲಿ ಗದ್ದುಗೆ ಇರುವ ಮಂಟೇಸ್ವಾಮಿಯ ಕತೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಜಾತಿ ಮುರಿಯಲು ಹೊರಟ ಕಲ್ಯಾಣಕ್ಕೇ ಅವನು ನಾರುವ ರೂಪದಲ್ಲಿ ಹೋದ. ಬಾಗಿಲು ಕಾಯುವವರು ತಡೆದರು, ತಿಪ್ಪೆಗೆ ಎಸೆದರು. ಸಮಾನತೆ ಸಾರಿದ ಊರಿಗೂ ಬಾಗಿಲು ಬಂತು, ಬಾಗಿಲಿಗೆ ಕಾವಲು ಬಂತು. ನಮ್ಮ ಹಿರಿಯರು ಓದು ಬಾರದವರು ಅಂತ ಯಾರು ಹೇಳಿದ್ದು? ಧರ್ಮ ಯಾವಾಗ ಅಧಿಕಾರವಾಗುತ್ತದೆ ಎಂಬುದನ್ನು ಅವರು ತಂಬೂರಿ ಹಿಡಿದು ಹೇಳಿದ್ದಾರೆ.

ಈ ಅಳತೆಗೋಲಿನಿಂದಲೇ ಮುಸ್ಲಿಂ ಸಮಾಜವನ್ನೂ ಅಳೆಯಬೇಕು. ಅಲ್ಲಿಯೂ ಅಶ್ರಫರು, ಅಜ್ಲಫರು, ಅರ್ಜಲರು ಅಂತ ಮೇಲುಕೀಳು ಇದೆ ಎಂಬುದನ್ನು ಬಾಬಾಸಾಹೇಬರು ಪಾಕಿಸ್ತಾನದ ಬಗ್ಗೆ ಬರೆದ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ನಾಡಿನ ಪಿಂಜಾರರು ಹಾಸಿಗೆಗೆ ಅರಳೆ ಎಕ್ಕುತ್ತಾ ಬದುಕಿದವರು, ಅವರನ್ನು ಸುಲ್ತಾನರ ಮೊಮ್ಮಕ್ಕಳು ಅಂತ ಬೈದರೆ ಅದಕ್ಕಿಂತ ದೊಡ್ಡ ಸುಳ್ಳು ಯಾವುದಿದೆ? ಆದರೂ 1981ರ ಫೆಬ್ರವರಿಯಲ್ಲಿ ತಮಿಳುನಾಡಿನ ಮೀನಾಕ್ಷಿಪುರದಲ್ಲಿ ನೂರಾರು ದಲಿತರು ಇಸ್ಲಾಂ ಸೇರಿದರು. ಅವರನ್ನು ಎಳೆದದ್ದು ಯಾವ ಸುಲ್ತಾನನ ಕತ್ತಿ? ಹಿಂದಿನಿಂದ ದೂಡಿದ್ದು ಊರಿನ ಮೇಲುಜಾತಿಯೇ.

ಧರ್ಮದ ಮೇಲೆ ಪ್ರಭುತ್ವದ ಮುದ್ರೆ ಸುಲ್ತಾನರ ಕಾಲಕ್ಕೆ ಮುಗಿಯಿತು ಅಂತಲೂ ತಿಳಿಯಬೇಡಿ. 1950ರ ರಾಷ್ಟ್ರಪತಿ ಆದೇಶ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ದಲಿತ ಮುಸ್ಲಿಂ, ದಲಿತ ಕ್ರೈಸ್ತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅಂದರೆ ಒಬ್ಬ ಹುಡುಗ ಯಾವ ದೇವರಿಗೆ ಕೈಮುಗಿಯುತ್ತಾನೆ ಎಂಬುದರ ಮೇಲೆ ಅವನ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು ನಿಂತಿದೆ. ಜಾತಿ ಸರ್ಟಿಫಿಕೇಟು ಬರೆಯುವ ತಾಲ್ಲೂಕು ಕಚೇರಿಯೂ ಒಂದು ಬಗೆಯ ಧರ್ಮಪೀಠವೇ ಅಲ್ವೇ?

ಆದ್ದರಿಂದ ಗೆಳೆಯರೆ, ನಾವು ಹೇಳುವುದು ಇಷ್ಟು. ಚರಿತ್ರೆ ಹೇಳಲು ಬಂದವನು ಯಾರೇ ಆಗಲಿ, ಇಸವಿ ಕೇಳಿ, ಆಧಾರ ಕೇಳಿ. ಯಾವ ಧರ್ಮದ ದೊರೆಯಾಗಲಿ, ಜಮೀನು ಯಾರ ಹತ್ತಿರ ಇತ್ತು, ಅಕ್ಷರ ಯಾರ ಹತ್ತಿರ ಇತ್ತು ಅಂತ ಕೇಳಿ. ಯಾವ ಗುರುವಾಗಲಿ, ದೊರೆಗೆ ಒಲ್ಲೆ ಅಂದನೋ, ಇನಾಮು ತೆಗೆದುಕೊಂಡನೋ ಅಂತ ಕೇಳಿ. ನಿಮ್ಮ ಕಾಲೇಜಿನ ಮುಸ್ಲಿಂ ಹುಡುಗನ ಮನೆಗೆ ಹೋಗಿ ಊಟ ಮಾಡಿ, ಅವನನ್ನು ನಿಮ್ಮ ಕೇರಿಗೆ ಕರೆತನ್ನಿ. ಅವನ ಅಪ್ಪನೂ ನಿಮ್ಮ ಅಪ್ಪನೂ ಬೆಳಿಗ್ಗೆ ಎದ್ದು ಹೋಗುವುದು ಕೂಲಿಗೇ. ಯಾವ ಕಾಲದ ಖುತ್ಬಾದಲ್ಲೂ ಆ ಇಬ್ಬರ ಹೆಸರಿರಲಿಲ್ಲ, ಯಾವ ಪಟ್ಟಾಭಿಷೇಕದ ಮಂತ್ರದಲ್ಲೂ ಇರಲಿಲ್ಲ.

ಮುಂದಿನ ಮೆರವಣಿಗೆ ಬರುತ್ತದೆ. ಕಲ್ಲು ಕೈಗೆ ಕೊಡುವವನೂ ಬರುತ್ತಾನೆ. ಅವನ ಮಗ ಎಲ್ಲಿ ಓದುತ್ತಿದ್ದಾನೆ ಅಂತ ಮೊದಲು ಕೇಳಿ. ಕೇಳಿ, ಕಲ್ಲನ್ನು ಅವನ ಕೈಗೇ ವಾಪಸ್ಸು ಕೊಟ್ಟು, ಹಾಸ್ಟೆಲಿಗೆ ಬಂದು ಪುಸ್ತಕ ತೆರೆಯಿರಿ.